ವೋಟು ಹಾಕೋದು ಇಲ್ಲಿ, ತೀರ್ಮಾನ ಆಗೋದು ಎಲ್ಲಿ?

2015ರ ಜುಲೈ 5, ಭಾನುವಾರ, ಸಾಲದಲ್ಲಿ ಮುಳುಗಿದ್ದ ಗ್ರೀಸ್ ದೇಶದಲ್ಲಿ ಜನಮತಗಣನೆ. ಬ್ಯಾಲೆಟ್ ಪೇಪರ್ ಮೇಲಿದ್ದ ಪ್ರಶ್ನೆ ಓದಿದ್ರೆ ತಲೆ ತಿರುಗುತ್ತೆ. ಯುರೋಪಿಯನ್ ಕಮಿಷನ್, ಯುರೋಪಿಯನ್ ಸೆಂಟ್ರಲ್ ಬ್ಯಾಂಕ್, ಐಎಂಎಫ್ (ಅಂತಾರಾಷ್ಟ್ರೀಯ ಹಣಕಾಸು ನಿಧಿ) ಮೂರೂ ಸೇರಿ ಸಾಲಕ್ಕೆ ಷರತ್ತಾಗಿ ಜೂನ್ 25ಕ್ಕೆ ಮುಂದಿಟ್ಟ ಪ್ಲಾನನ್ನ ಒಪ್ಪಬೇಕಾ ಅಂತ ಪ್ರಶ್ನೆ, ಜೊತೆಗೆ ಎರಡು ಟೆಕ್ನಿಕಲ್ ದಾಖಲೆಗಳ ಹೆಸರು ಬೇರೆ, ಅವನ್ನ ಎಷ್ಟು ಜನ ಓದಿದ್ರೋ ದೇವರಿಗೇ ಗೊತ್ತು. ಕೆಳಗೆ ಎರಡು ಬಾಕ್ಸು, 'ಬೇಡ' ಅನ್ನೋದು ಮೇಲೆ, 'ಬೇಕು' ಅನ್ನೋದು ಅದರ ಕೆಳಗೆ, ಅಲ್ಲೇ ಸರ್ಕಾರದ ಮನಸ್ಸು ಯಾವ ಕಡೆ ಇತ್ತು ಅಂತ ಗೊತ್ತಾಗ್ತಿತ್ತು. ಅಷ್ಟೊತ್ತಿಗೆ ಒಂದು ವಾರದಿಂದ ಬ್ಯಾಂಕುಗಳು ಬಾಗಿಲು ಹಾಕಿದ್ವು, ಎಟಿಎಂನಲ್ಲಿ ದಿನಕ್ಕೆ 60 ಯೂರೋ ಮಾತ್ರ, ಪಿಂಚಣಿ ತಗೊಳ್ಳೋ ವಯಸ್ಸಾದವರು ಬ್ಯಾಂಕ್ ಮುಂದೆ ಕ್ಯೂ ನಿಂತಿದ್ರು. ಇಷ್ಟೆಲ್ಲಾ ಆದ್ರೂ 61.31% ಜನ 'ಬೇಡ' ಅಂದ್ರು.

ಒಂದೇ ವಾರಕ್ಕೆ ಅದೇ ಪ್ರಧಾನಿ ಅಲೆಕ್ಸಿಸ್ ಸಿಪ್ರಾಸ್ ಬ್ರಸೆಲ್ಸ್‌ನಲ್ಲಿ ರಾತ್ರಿಯಿಡೀ ಕೂತು, ಸುಮಾರು 17 ಗಂಟೆ ಮಾತುಕತೆ ಆದ್ಮೇಲೆ ಜುಲೈ 13ರ ಬೆಳಿಗ್ಗೆ ಸಾಲದವರ ಷರತ್ತಿಗೆ ಒಪ್ಪಿಕೊಂಡ್ರು. ಜನ ಬೇಡ ಅಂದಿದ್ದಕ್ಕಿಂತ ಅದು ಸಡಿಲ ಏನಲ್ಲ, ಕೆಲವು ಕಡೆ ಇನ್ನೂ ಬಿಗಿ: ಪಿಂಚಣಿ ಕಡಿತ, ಹೋಟೆಲ್ ಊಟದ ಮೇಲೆ ವ್ಯಾಟ್ 13%ರಿಂದ 23%ಗೆ, ಸರ್ಕಾರದ ಆಸ್ತಿಗಳನ್ನ ಒಂದು ಫಂಡಿಗೆ ಹಾಕಿ ಮಾರಿ 50 ಬಿಲಿಯನ್ ಯೂರೋ ಎತ್ತೋ ಗುರಿ. ಬದಲಿಗೆ 86 ಬಿಲಿಯನ್‌ವರೆಗೆ ಹೊಸ ಸಾಲ. ತಮಾಷೆ ಅಂದ್ರೆ ಸೆಪ್ಟೆಂಬರ್‌ನಲ್ಲಿ ಮತ್ತೆ ಎಲೆಕ್ಷನ್ ಆಯ್ತು, ಜನ ಮತ್ತೆ ಸಿಪ್ರಾಸ್ ಪಾರ್ಟಿಯನ್ನೇ ಗೆಲ್ಲಿಸಿದ್ರು.

ಗ್ಲೋಬಲೈಸೇಶನ್ ಕಾಲದಲ್ಲಿ ಪ್ರಜಾಪ್ರಭುತ್ವದ ಗತಿ ಏನು ಅನ್ನೋ ಚರ್ಚೆ ಎಲ್ಲೇ ನಡೆದ್ರೂ ನನಗೆ ಮೊದಲು ನೆನಪಾಗೋದು ಈ ಎಂಟು ದಿನ. ಇಲ್ಲಿ ಯಾರೂ ಬೂತ್ ಕ್ಯಾಪ್ಚರ್ ಮಾಡಿಲ್ಲ, ಎಣಿಕೇಲಿ ಮೋಸ ಆಗಿಲ್ಲ, ಮಿಲಿಟರಿ ಬಂದಿಲ್ಲ. ಎಲೆಕ್ಷನ್ ಚೆನ್ನಾಗೇ ನಡೀತು, ಆದ್ರೆ ಅದರಿಂದ ಆಗಬೇಕಾದ ಕೆಲಸ ಮಾತ್ರ ಆಗ್ಲಿಲ್ಲ.

ಯಾಕೆ ಆಗ್ಲಿಲ್ಲ? ಸಿಪ್ರಾಸ್ ಹೇಡಿ ಅನ್ನೋದು ಸುಲಭದ ಉತ್ತರ. ಗ್ರೀಸ್ ತನ್ನ ಸ್ವಂತ ನೋಟು ಪ್ರಿಂಟ್ ಮಾಡಲ್ಲ, ಅದರ ದುಡ್ಡು ಯೂರೋ, ಯೂರೋ ಕೊಡೋದು ಫ್ರಾಂಕ್‌ಫರ್ಟ್‌ನಲ್ಲಿರೋ ಯುರೋಪಿಯನ್ ಸೆಂಟ್ರಲ್ ಬ್ಯಾಂಕ್. ಜನಮತಗಣನೆ ಘೋಷಣೆ ಆದ ಬೆನ್ನಲ್ಲೇ ಜೂನ್ 28ಕ್ಕೆ ಆ ಬ್ಯಾಂಕು ಗ್ರೀಸ್‌ನ ಬ್ಯಾಂಕುಗಳಿಗೆ ಕೊಡ್ತಿದ್ದ ತುರ್ತು ಸಾಲವನ್ನ ಇದ್ದ ಮಟ್ಟಕ್ಕೇ ನಿಲ್ಲಿಸ್ತು, ಮಾರನೇ ದಿನದಿಂದ ಬ್ಯಾಂಕು ಬಂದ್. ಬೀರು ನಮ್ಮನೇಲಿ, ಬೀಗದ ಕೈ ಮಾತ್ರ ಬೇರೆ ಊರಲ್ಲಿ ಅನ್ನೋ ಥರ. ಹಂಗಾಗಿ 'ಬೇಡ' ಅನ್ನೋ ವೋಟನ್ನ ಜಾರಿಗೆ ತರಬೇಕು ಅಂದ್ರೆ ಯೂರೋನೇ ಬಿಡಬೇಕಿತ್ತು, ಅದನ್ನ ಆ ಪ್ರಶ್ನೆಪತ್ರಿಕೇಲಿ ಯಾರೂ ಕೇಳಿರಲಿಲ್ಲ, ಬಹಳಷ್ಟು ಗ್ರೀಕರಿಗೆ ಅದು ಬೇಕಾಗೂ ಇರಲಿಲ್ಲ.

ಇಲ್ಲಿ ಇನ್ನೊಂದು ಕಡೆಯ ಮಾತೂ ಇದೆ, ಅದನ್ನ ಬಿಟ್ಟು ಕಥೆ ಹೇಳಿದ್ರೆ ಅನ್ಯಾಯ ಆಗುತ್ತೆ. ಯೂರೋ ಬಳಸ್ತಿದ್ದ ದೇಶಗಳು ಆಗ 19. ಮಿಕ್ಕ 18 ದೇಶಗಳಲ್ಲೂ ವೋಟರ್‌ಗಳಿದಾರೆ, ಅವರದ್ದೂ ಪಾರ್ಲಿಮೆಂಟ್ ಇದೆ. ಅದರಲ್ಲೊಂದಾದ ಸ್ಲೊವಾಕಿಯಾದ ಮನುಷ್ಯ, ನಮ್ಮ ಪಿಂಚಣಿಗಿಂತ ಜಾಸ್ತಿ ಪಿಂಚಣಿ ತಗೊಳ್ಳೋರಿಗೆ ನಾವ್ಯಾಕೆ ಸಾಲ ಕೊಡಬೇಕು ಅಂತ ಕೇಳಿದ್ರೆ ಅದೂ ಪ್ರಜಾಪ್ರಭುತ್ವದ ಪ್ರಶ್ನೆನೇ. ಅಂದ್ರೆ ಅವತ್ತು ನಡೆದದ್ದು ಜನ ಒಂದು ಕಡೆ, ಬ್ಯಾಂಕರ್‌ಗಳು ಒಂದು ಕಡೆ ಅನ್ನೋ ಸಿನಿಮಾ ಫೈಟ್ ಅಲ್ಲ. 19 ಪ್ರಜಾಪ್ರಭುತ್ವಗಳ ನಡುವಿನ ಜಗಳ, ಆ ಎಲ್ಲ ವೋಟುಗಳನ್ನ ಒಟ್ಟಿಗೆ ಎಣಿಸೋ ಜಾಗ ಮಾತ್ರ ಎಲ್ಲೂ ಇರಲಿಲ್ಲ.

ಟರ್ಕಿ ಮೂಲದ ಹಾರ್ವರ್ಡ್ ಅರ್ಥಶಾಸ್ತ್ರಜ್ಞ ಡ್ಯಾನಿ ರಾಡ್ರಿಕ್ ಇದನ್ನೇ ಒಂದು ಸೂತ್ರದ ಥರ ಹೇಳ್ತಾರೆ. ಮೂರು ಆಸೆಗಳು: ಸರಕು, ಬಂಡವಾಳ ಯಾವ ತಡೆಯೂ ಇಲ್ಲದೆ ಗಡಿ ದಾಟೋ ಪೂರ್ಣ ಪ್ರಮಾಣದ ಗ್ಲೋಬಲೈಸೇಶನ್, ತನ್ನ ಕಾನೂನು ತಾನೇ ಮಾಡಿಕೊಳ್ಳೋ ರಾಷ್ಟ್ರ, ಮತ್ತೆ ಜನರ ಮಾತಿಗೆ ಬಗ್ಗೋ ಸರ್ಕಾರ. ಇದರಲ್ಲಿ ಯಾವುದಾದ್ರೂ ಎರಡು ಸಿಗುತ್ತೆ, ಮೂರೂ ಒಟ್ಟಿಗೆ ಪೂರ್ತಿ ಸಿಗಲ್ಲ. ಕೇಳೋಕೆ ಒಗಟಿನ ಥರ ಇದೆ, ಆದ್ರೆ ಇತಿಹಾಸದಲ್ಲಿ ಇಟ್ಟು ನೋಡಿದ್ರೆ ಬಿಡಿಸಿಕೊಳ್ಳುತ್ತೆ. 1914ಕ್ಕೆ ಮುಂಚೆ ಚಿನ್ನಕ್ಕೆ ಕರೆನ್ಸಿ ಕಟ್ಟಿಹಾಕಿದ್ದ ಕಾಲದಲ್ಲಿ ಗ್ಲೋಬಲೈಸೇಶನ್ನೂ ಇತ್ತು, ರಾಷ್ಟ್ರಗಳೂ ಇದ್ವು, ಯಾಕಂದ್ರೆ ಕೂಲಿಕಾರರಲ್ಲಿ ಬಹಳ ಜನಕ್ಕೆ ವೋಟೇ ಇರಲಿಲ್ಲ, ಕರೆನ್ಸಿ ಉಳಿಸೋಕೆ ಕೆಲಸ ಕಳೆದ್ರೂ ಕೇಳೋರಿಲ್ಲ. 1944ರಲ್ಲಿ ಬ್ರೆಟನ್‌ವುಡ್ಸ್‌ನಲ್ಲಿ ಹೊಸ ವ್ಯವಸ್ಥೆ ಮಾಡಿದಾಗ ಬಂಡವಾಳ ಗಡಿ ದಾಟೋದಕ್ಕೆ ದೇಶಗಳು ಕಡಿವಾಣ ಹಾಕಿಕೊಳ್ಳಬಹುದು ಅಂತ ಬಿಟ್ರು, ಅಂದ್ರೆ ಗ್ಲೋಬಲೈಸೇಶನ್ನನ್ನ ಸ್ವಲ್ಪ ಕಮ್ಮಿ ಮಾಡಿ ಉಳಿದೆರಡನ್ನ ಇಟ್ಟುಕೊಂಡ್ರು. ಯುರೋಪ್ ಮೂರನೇ ದಾರಿ ಹಿಡೀತು, ರಾಷ್ಟ್ರದ ಅಧಿಕಾರ ಕಮ್ಮಿ ಮಾಡಿ ಗಡಿ ದಾಟಿದ ಪಾರ್ಲಿಮೆಂಟ್ ಕಟ್ಟೋದು. 1979ರಿಂದ ಅಲ್ಲಿ ನೇರ ಚುನಾವಣೆ ನಡೀತಿದೆ, ಆದ್ರೂ ಗ್ರೀಸ್ ವಿಷಯ ಬಂದಾಗ ನಿರ್ಧಾರ ಮಾಡಿದ್ದು ಆ ಪಾರ್ಲಿಮೆಂಟ್ ಅಲ್ಲ, ಹಣಕಾಸು ಮಂತ್ರಿಗಳು, ಪ್ರಧಾನಿಗಳು, ಬಾಗಿಲು ಹಾಕಿಕೊಂಡು.

ಸರಿ, ನಮಗೂ ಇದಕ್ಕೂ ಏನು ಸಂಬಂಧ ಅಂತೀರಾ? ರಾಮನಗರದ ರೇಷ್ಮೆ ಗೂಡಿನ ಮಾರ್ಕೆಟ್ಟಿಗೆ ಬನ್ನಿ. 2011ರ ಕೇಂದ್ರ ಬಜೆಟ್‌ನಲ್ಲಿ ಕಚ್ಚಾ ರೇಷ್ಮೆ ಮೇಲಿನ ಆಮದು ಸುಂಕವನ್ನ 30%ರಿಂದ ಒಂದೇ ಸಲಕ್ಕೆ 5%ಗೆ ಇಳಿಸಿದ್ರು. ಚೀನಾ ರೇಷ್ಮೆ ಅಗ್ಗ ಆಯ್ತು, ಇಲ್ಲಿ ಗೂಡಿನ ರೇಟು ಬಿತ್ತು, ರಾಮನಗರ, ಶಿಡ್ಲಘಟ್ಟ ಕಡೆ ಬೆಳೆಗಾರರು ಬೀದಿಗೆ ಬಂದ್ರು. ಹಿಪ್ಪುನೇರಳೆ ಸೊಪ್ಪು ಹಾಕಿ ಹುಳ ಸಾಕೋ ಮನುಷ್ಯನಿಗೆ ತಾನು ಬೆಳೆದ ಗೂಡಿಗೆ ರೇಟು ಕಟ್ಟೋದು ಹರಾಜು ಕಟ್ಟೇಲಿ ನಿಂತಿರೋ, ಗೂಡಿಂದ ನೂಲು ತೆಗೆಯೋ ರೀಲರ್ ಅಂತ ಕಾಣುತ್ತೆ, ಅವನ ಹಿಂದೆ ಚೀನಾದ ನೂಲಿನ ರೇಟು, ಅದರ ಹಿಂದೆ ದೆಹಲಿಯ ಸುಂಕ. ಆದ್ರೆ ಸೀರೆ ನೇಯೋ ಬನಾರಸ್ಸಿನ ನೇಕಾರನಿಗೆ ಅದೇ ಅಗ್ಗದ ಚೀನಾ ನೂಲು ಬೇಕು, ಅವನೂ ವೋಟರ್ರೇ. ಈ ಜಗಳಾನ ಕೊನೆಗೆ ನಮ್ಮದೇ ಪಾರ್ಲಿಮೆಂಟಲ್ಲಿ ಸ್ವಲ್ಪ ಮಟ್ಟಿಗೆ ಬಗೆಹರಿಸಿದ್ರು, 2013ರ ಬಜೆಟ್‌ನಲ್ಲಿ ಸುಂಕ 15%ಗೆ ಏರಿತು. ಸಾಕಾಯ್ತಾ ಅಂದ್ರೆ ಇಲ್ಲ, ಆದ್ರೆ ಏರಿಸೋ ಅಧಿಕಾರ ಇನ್ನೂ ಕೈಯಲ್ಲಿತ್ತು, ಒತ್ತಡ ಹಾಕಿದ್ರೆ ಅಲುಗಾಡೋ ಜಾಗದಲ್ಲಿತ್ತು.

ಕೈ ತಪ್ಪಿದ್ರೆ ಏನಾಗುತ್ತೆ ಅನ್ನೋದಕ್ಕೆ ವೊಡಾಫೋನ್ ಮತ್ತೆ ಕೇರ್ನ್ ಕಥೆ ನೋಡಿ. 2007ರಲ್ಲಿ ವೊಡಾಫೋನ್ ಕಂಪನಿ ಹಚ್ ಅನ್ನ ಕೊಂಡುಕೊಳ್ತು, ಬೆಲೆ ಸುಮಾರು 11 ಬಿಲಿಯನ್ ಡಾಲರ್, ಫೋನು ಟವರು ಗಿರಾಕಿ ಎಲ್ಲಾ ಭಾರತದಲ್ಲಿ, ಆದ್ರೆ ಕೈ ಬದಲಾದ ಷೇರು ಕೇಮನ್ ದ್ವೀಪದ ಒಂದು ಕಂಪನೀದು. ನಮ್ಮ ತೆರಿಗೆ ಇಲಾಖೆ ತೆರಿಗೆ ಕೇಳ್ತು, 2012ರ ಜನವರೀಲಿ ಸುಪ್ರೀಂ ಕೋರ್ಟು ಇಲಾಖೆ ವಿರುದ್ಧ ತೀರ್ಪು ಕೊಡ್ತು, ಆಗ ಪಾರ್ಲಿಮೆಂಟ್ ಕಾನೂನನ್ನೇ ತಿದ್ದಿ 1962ರಿಂದಲೇ ಅನ್ವಯ ಅಂತ ಹೇಳ್ತು. ಹಿಂದಿನ ತಾರೀಖಿಗೆ ತೆರಿಗೆ ಹಾಕೋದು ನನ್ನ ಪ್ರಕಾರ ಕೆಟ್ಟ ಕಾನೂನೇ, ಅದನ್ನ ಸಮರ್ಥಿಸೋಕೆ ನಾನಿಲ್ಲಿ ಕೂತಿಲ್ಲ. ಆದ್ರೆ ಅದು ಬಿದ್ದ ರೀತಿ ನೋಡಿ. ನಮ್ಮ ವೋಟರ್ ಅದನ್ನ ಬೀಳಿಸ್ಲಿಲ್ಲ, ನಮ್ಮ ಕೋರ್ಟೂ ಬೀಳಿಸ್ಲಿಲ್ಲ.

1990ರ ದಶಕದಲ್ಲಿ ಭಾರತ ಹಲವು ದೇಶಗಳ ಜೊತೆ ಬಂಡವಾಳ ರಕ್ಷಣೆ ಒಪ್ಪಂದ ಮಾಡಿಕೊಂಡಿತ್ತು, ಇಂಗ್ಲೆಂಡ್ ಜೊತೆ 1994, ನೆದರ್‌ಲ್ಯಾಂಡ್ಸ್ ಜೊತೆ 1995. ನಿಮ್ಮ ದೇಶದ ಹೂಡಿಕೆದಾರರನ್ನ ನಾವು ನ್ಯಾಯವಾಗಿ ನಡೆಸಿಕೊಳ್ತೀವಿ, ಇಲ್ಲದಿದ್ರೆ ಅವರು ನಮ್ಮ ಕೋರ್ಟನ್ನ ಬಿಟ್ಟು ನೇರವಾಗಿ ಅಂತಾರಾಷ್ಟ್ರೀಯ ಮಧ್ಯಸ್ಥಿಕೆಗೆ ಹೋಗಬಹುದು ಅಂತ ಅದರಲ್ಲಿತ್ತು. ಸಹಿ ಹಾಕಿದಾಗ ಪೇಪರಿನ ಒಳಪುಟದಲ್ಲೂ ಯಾರೂ ದೊಡ್ಡದಾಗಿ ನೋಡಿರಲಿಕ್ಕಿಲ್ಲ. ವೊಡಾಫೋನ್ ನೆದರ್‌ಲ್ಯಾಂಡ್ಸ್ ಒಪ್ಪಂದ ಹಿಡಿದು ಹೋಯ್ತು, ಅದೇ ತಿದ್ದುಪಡಿ ಮೇಲೆ ತೆರಿಗೆ ಬಿದ್ದಿದ್ದ ಬ್ರಿಟನ್ನಿನ ತೈಲ ಕಂಪನಿ ಕೇರ್ನ್ ಇಂಗ್ಲೆಂಡ್ ಒಪ್ಪಂದ ಹಿಡಿದು ಹೋಯ್ತು. ಎರಡು ಕಡೇನೂ ಮೂರು ಜನರ ಟ್ರಿಬ್ಯೂನಲ್, 2020ರ ಸೆಪ್ಟೆಂಬರ್ ಮತ್ತು ಡಿಸೆಂಬರ್‌ನಲ್ಲಿ ಎರಡೂ ತೀರ್ಪು ಭಾರತದ ವಿರುದ್ಧ, ಭಾರತವೇ ನೇಮಿಸಿದ ಸದಸ್ಯರೂ ಸೇರಿ ಒಮ್ಮತದಿಂದ. ಕೇರ್ನ್‌ಗೆ 1.2 ಬಿಲಿಯನ್ ಡಾಲರ್ ಪ್ಲಸ್ ಬಡ್ಡಿ. ಭಾರತ ಕೊಡ್ಲಿಲ್ಲ, ಕಂಪನಿ ಬೇರೆ ಬೇರೆ ದೇಶಗಳಲ್ಲಿ ಭಾರತದ ಆಸ್ತಿ ಹುಡುಕ್ಕೊಂಡು ಹೊರಟ್ತು, 2021ರ ಜುಲೈನಲ್ಲಿ ಪ್ಯಾರಿಸ್‌ನಲ್ಲಿರೋ ಭಾರತ ಸರ್ಕಾರದ ಸುಮಾರು 20 ಆಸ್ತಿ, ಬಹುತೇಕ ಫ್ಲ್ಯಾಟುಗಳು, ಅವುಗಳ ಮೇಲೆ ಫ್ರೆಂಚ್ ಕೋರ್ಟಿಂದ ಜಪ್ತಿ ಆದೇಶ ತಂತು. ಆಗಸ್ಟ್‌ನಲ್ಲಿ ಪಾರ್ಲಿಮೆಂಟ್ ಆ ತೆರಿಗೆಯನ್ನೇ ಕೈಬಿಡ್ತು. ಒಂಬತ್ತು ವರ್ಷ ಇಲ್ಲಿನ ಟೀಕೆಗೆ ಅಲುಗಾಡದ ಕಾನೂನು ಪ್ಯಾರಿಸ್ಸಿನ ಫ್ಲ್ಯಾಟಿಗೆ ಬೀಗ ಬೀಳೋ ಹಾಗಾದಾಗ ಒಂದೇ ತಿಂಗಳಲ್ಲಿ ಹೋಯ್ತು.

ಇದಕ್ಕೂ ಮುಂಚೆ 2011ರಲ್ಲಿ ವೈಟ್ ಇಂಡಸ್ಟ್ರೀಸ್ ಅನ್ನೋ ಆಸ್ಟ್ರೇಲಿಯಾದ ಕಲ್ಲಿದ್ದಲು ಕಂಪನಿಯ ಕೇಸಲ್ಲೂ ಭಾರತ ಸೋತಿತ್ತು, ಕಾರಣ ನಮ್ಮ ಕೋರ್ಟುಗಳಲ್ಲಿ ಅವರ ಕೇಸು ವರ್ಷಗಟ್ಟಲೆ ಎಳೀತು ಅನ್ನೋದು. ಅದರಲ್ಲಿ ಆಸ್ಟ್ರೇಲಿಯಾ ಒಪ್ಪಂದದಲ್ಲಿ ಇಲ್ಲದ ಒಂದು ಷರತ್ತನ್ನ ಭಾರತ-ಕುವೈತ್ ಒಪ್ಪಂದದಿಂದ ಎತ್ತಿಕೊಂಡು ಬಂದು ಗೆದ್ರು. ಹತ್ತಾರು ವರ್ಷ ಕೋರ್ಟಿಗೆ ಅಲೀತಿರೋ ನಮ್ಮ ಜಮೀನು ಕೇಸಿನವರಿಗೆ ಇಂಥ ಬಾಗಿಲು ಇಲ್ಲ ಅನ್ನೋದನ್ನ ಸುಮ್ನೆ ಹೇಳಿಬಿಡ್ತೀನಿ. ಈ ಸೋಲಿಂದ, ವೊಡಾಫೋನ್ ಥರದ ಕಂಪನಿಗಳು ಆಗಲೇ ಹೂಡಿದ್ದ ಕೇಸುಗಳಿಂದ ಪಾಠ ಕಲಿತು ಭಾರತ 2015ರ ಕೊನೇಲಿ ಒಪ್ಪಂದದ ಹೊಸ ಮಾದರಿ ತಂತು, ಆಮೇಲೆ ಹಳೇ ಒಪ್ಪಂದಗಳನ್ನ ಸಾಲಾಗಿ ರದ್ದು ಮಾಡ್ತಾ ಬಂತು.

ನಾನು ಇದನ್ನೆಲ್ಲಾ ನೋಡಿ ಹೇಳೋದು ಇಷ್ಟು: ಪ್ರಜಾಪ್ರಭುತ್ವದ ಭವಿಷ್ಯ ಅಂದಾಗ ನಾವು ನೋಡ್ತಿರೋದು ಬರೀ ಎಲೆಕ್ಷನ್ ದಿನವನ್ನ, ಇವಿಎಂ, ಎಕ್ಸಿಟ್ ಪೋಲ್, ರೆಸಾರ್ಟ್ ರಾಜಕೀಯ ಅಂತ. ಆದ್ರೆ ಈ ಕಾಲದಲ್ಲಿ ಮುಂದಿನ 20-30 ವರ್ಷ ಯಾವ ಕಾನೂನು ಮಾಡಬಹುದು ಯಾವುದು ಮಾಡಬಾರದು ಅನ್ನೋದು ನಿರ್ಧಾರ ಆಗೋದು ಒಪ್ಪಂದಕ್ಕೆ ಸಹಿ ಹಾಕೋ ದಿನ. ಸಹಿಗೆ ಮುಂಚೆ ಜನರ ಮಾತಿಗೆ ಬೆಲೆ ಇದೆ, ಸಹಿ ಆದ್ಮೇಲೆ ಅದೇ ಮಾತಿಗೆ ಭಾರಿ ದಂಡ ಕಟ್ಟಬೇಕು.

ಸಹಿಗೆ ಮುಂಚೆ ಬಾಯಿ ಬಿಟ್ರೆ ಏನಾಗುತ್ತೆ ಅನ್ನೋದಕ್ಕೆ ಆರ್‌ಸೆಪ್ ಅನ್ನೋ ವ್ಯಾಪಾರ ಒಪ್ಪಂದದ ಉದಾಹರಣೆ ಇದೆ. 2012ರಲ್ಲಿ ಶುರುವಾದ 16 ದೇಶಗಳ ಮಾತುಕತೆ, ಚೀನಾ, ಜಪಾನ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಎಲ್ಲಾ ಇದ್ವು. ಕರಡು ಜನರ ಕೈಗೆ ಸಿಗ್ತಿರಲಿಲ್ಲ, ಆದ್ರೂ ನ್ಯೂಜಿಲೆಂಡ್ ಹಾಲಿನ ಪುಡಿ ಸುಂಕ ಇಲ್ಲದೆ ಬಂದ್ರೆ ಬೆಳಿಗ್ಗೆ ಸಂಜೆ ಡೇರಿಗೆ ಎರಡು ಲೀಟರ್ ಹಾಲು ಹಾಕೋ ಹೆಂಗಸಿನ ಗತಿ ಏನು ಅನ್ನೋದು ಹಳ್ಳಿ ಹಳ್ಳಿಗೂ ಅರ್ಥ ಆಗೋ ವಿಷಯ. ಹಾಲು ಒಕ್ಕೂಟಗಳು, ರೈತ ಸಂಘಗಳು, ಎಡಪಕ್ಷಗಳು, ಕಾಂಗ್ರೆಸ್, ಆರ್‌ಎಸ್‌ಎಸ್ ಬಳಗದ ಸ್ವದೇಶಿ ಜಾಗರಣ ಮಂಚ್, ಬೇರೆ ದಿನ ಒಂದೇ ವೇದಿಕೆ ಹತ್ತದವರೆಲ್ಲಾ ಒಂದೇ ಮಾತು ಹೇಳಿದ್ರು. 2019ರ ನವೆಂಬರ್ 4ಕ್ಕೆ ಬ್ಯಾಂಕಾಕ್‌ನಲ್ಲಿ ಭಾರತ ಹಿಂದೆ ಸರೀತು. ಚೀನಾ ಸರಕಿನ ಭಯವೂ ದೊಡ್ಡ ಕಾರಣ, ಹಾಲಿನವರೇ ನಿಲ್ಲಿಸಿದ್ರು ಅಂದ್ರೆ ಉತ್ಪ್ರೇಕ್ಷೆ. ಹಿಂದೆ ಸರಿದದ್ದು ಸರೀನಾ ತಪ್ಪಾ ಅಂತ ಅರ್ಥಶಾಸ್ತ್ರಜ್ಞರು ಇವತ್ತಿಗೂ ಜಗಳ ಆಡ್ತಾರೆ, ರಫ್ತು ಮಾಡೋ ಫ್ಯಾಕ್ಟರಿಗಳಿಗೆ ನಷ್ಟ ಆಯ್ತು ಅನ್ನೋ ವಾದ ಹಗುರವಾದದ್ದಲ್ಲ. ಆದ್ರೆ ಬೇಡ ಅನ್ನೋಕೆ ಅವತ್ತು ಯಾವ ಟ್ರಿಬ್ಯೂನಲ್ ಕೂಡ ದಂಡ ಹಾಕ್ಲಿಲ್ಲ.

ಇದನ್ನ ಕರ್ನಾಟಕದಲ್ಲಿ ಬೇಗ ಹಿಡಿದವರು ರೈತ ಸಂಘದವರು. ಡಂಕೆಲ್ ಪ್ರಸ್ತಾವನೆ (ವಿಶ್ವ ವ್ಯಾಪಾರ ಒಪ್ಪಂದದ ಕರಡು) ಅನ್ನೋ ಪದ 90ರ ದಶಕದಲ್ಲಿ ನಮ್ಮ ಹಳ್ಳಿ ಸಭೆಗಳಿಗೆ ಬಂದದ್ದು ಪ್ರೊ. ನಂಜುಂಡಸ್ವಾಮಿಯವರಿಂದ. 1992ರ ಡಿಸೆಂಬರ್‌ನಲ್ಲಿ ಬೆಂಗಳೂರಿನ ಕಾರ್ಗಿಲ್ ಕಂಪನಿ ಆಫೀಸಿಗೆ ನುಗ್ಗಿ ಫೈಲುಗಳನ್ನ ಬೀದಿಗೆ ಹಾಕಿ ಸುಟ್ಟರು. ಆ ದಾರಿ ನನಗೆ ಒಪ್ಪಿಗೆ ಇಲ್ಲ, ಆದ್ರೆ ಬೀಜದ ಹಕ್ಕು ಜಿನೀವಾದಲ್ಲಿ ನಿರ್ಧಾರ ಆಗ್ತಿದೆ ಅನ್ನೋದನ್ನ ನಮ್ಮ ಎಂಎಲ್ಎಗಳಿಗಿಂತ ಮುಂಚೆ ಅವರು ನೋಡಿದ್ರು. 1994ರ ಏಪ್ರಿಲ್‌ನಲ್ಲಿ ಮೊರಾಕೊದ ಮರಕೇಶ್‌ನಲ್ಲಿ ಭಾರತ ಸಹಿ ಹಾಕ್ತು, 1995ರಿಂದ ಡಬ್ಲ್ಯುಟಿಒ, ಅಂದ್ರೆ ವಿಶ್ವ ವ್ಯಾಪಾರ ಸಂಸ್ಥೆ, ಶುರುವಾಯ್ತು. ಅದಾದ್ಮೇಲೂ ಒಳಗಡೆ ಜಾಗ ಇರ್ಲಿಲ್ಲ ಅಂತಲ್ಲ. ಒಪ್ಪಂದದ ಪ್ರಕಾರ 2005ರಲ್ಲಿ ಪೇಟೆಂಟ್ ಕಾನೂನು ಬದಲಾಯಿಸಲೇಬೇಕಾಗಿ ಬಂದಾಗ ಪಾರ್ಲಿಮೆಂಟ್ ಅದರಲ್ಲಿ 3(ಡಿ) ಅನ್ನೋ ಕಲಂ ಸೇರಿಸ್ತು, ಹಳೇ ಔಷಧಿಗೆ ಸಣ್ಣ ಬದಲಾವಣೆ ಮಾಡಿ ಹೊಸ ಪೇಟೆಂಟ್ ಕೇಳಂಗಿಲ್ಲ ಅಂತ. 2013ರಲ್ಲಿ ರಕ್ತದ ಕ್ಯಾನ್ಸರ್ ಔಷಧಿ ವಿಷಯದಲ್ಲಿ ನೊವಾರ್ಟಿಸ್ ಸುಪ್ರೀಂ ಕೋರ್ಟಲ್ಲಿ ಸೋತಿದ್ದು ಇದೇ ಕಲಮ್ಮಿಂದ. ಒಪ್ಪಂದದ ಪ್ರತಿ ಸಾಲು ಓದಿ ಸಂದು ಹುಡುಕಿದವರಿಗೆ ಮಾತ್ರ ಸಿಗೋ ಜಾಗ ಅದು.

ಈಗ ನಮ್ಮ ಸಂವಿಧಾನದ ಒಂದು ವಿಚಿತ್ರ. ರಾಜ್ಯ ಪಟ್ಟಿಯ 14ನೇ ನಮೂದು ಕೃಷಿ. ಕೇಂದ್ರ ಪಟ್ಟೀಲೂ 14ನೇ ನಮೂದೇ, ವಿದೇಶಗಳ ಜೊತೆ ಒಪ್ಪಂದ ಮಾಡಿಕೊಳ್ಳೋದು. ಎರಡೂ ಡಿಕ್ಕಿ ಹೊಡೆದ್ರೆ? 253ನೇ ವಿಧಿ ಪ್ರಕಾರ ಒಪ್ಪಂದ ಜಾರಿ ಮಾಡೋಕೆ ಪಾರ್ಲಿಮೆಂಟ್ ರಾಜ್ಯದ ವಿಷಯದ ಮೇಲೂ ಕಾನೂನು ಮಾಡಬಹುದು. ಒಪ್ಪಂದಕ್ಕೆ ಸಹಿ ಹಾಕೋಕೆ ಮಾತ್ರ ಪಾರ್ಲಿಮೆಂಟಿನ ಒಪ್ಪಿಗೆ ಬೇಕು ಅಂತ ಎಲ್ಲೂ ಇಲ್ಲ, ಕೇಂದ್ರ ಸಚಿವ ಸಂಪುಟ ಹೂಂ ಅಂದ್ರೆ ಮುಗೀತು. ಅಡಿಕೆ, ಕಾಫಿ, ಮೆಣಸು, ರೇಷ್ಮೆ, ಹಾಲು ಯಾವುದರ ಬಗ್ಗೆ ಒಪ್ಪಂದ ಆದ್ರೂ ವಿಧಾನಸೌಧಕ್ಕೆ ಕೇಳೋ ಹಕ್ಕಿಲ್ಲ, ಪತ್ರ ಬರೀಬಹುದು ಅಷ್ಟೇ.

ಇದನ್ನ ಬೆಲ್ಜಿಯಂನ ವಲ್ಲೋನಿಯಾ ಜೊತೆ ಹೋಲಿಸಿ ನೋಡಿ. ಜನಸಂಖ್ಯೆ ಸುಮಾರು 36 ಲಕ್ಷ, 2011ರ ಜನಗಣತಿಯ ಪ್ರಕಾರ ಕರ್ನಾಟಕದ 6.11 ಕೋಟಿ ಎದುರಿಗೆ ಏನೇನೂ ಅಲ್ಲ. 2016ರ ಅಕ್ಟೋಬರ್‌ನಲ್ಲಿ ಯುರೋಪಿಯನ್ ಯೂನಿಯನ್ ಮತ್ತು ಕೆನಡಾ ನಡುವಿನ ವ್ಯಾಪಾರ ಒಪ್ಪಂದ ವರ್ಷಗಟ್ಟಲೆ ಮಾತುಕತೆ ಮುಗಿಸಿ ಸಹಿಗೆ ರೆಡಿಯಾಗಿತ್ತು, ಕೆನಡಾ ಪ್ರಧಾನಿ ಹೊರಡಬೇಕಿತ್ತು, ವಲ್ಲೋನಿಯಾದ ಪ್ರಾದೇಶಿಕ ಪಾರ್ಲಿಮೆಂಟ್ ಆಗಲ್ಲ ಅಂತು. ಬೆಲ್ಜಿಯಂನಲ್ಲಿ ಇಂಥ ಒಪ್ಪಂದಕ್ಕೆ ಪ್ರಾಂತ್ಯಗಳ ಒಪ್ಪಿಗೆ ಬೇಕು. ಅಲ್ಲಿನ ಮುಖ್ಯಸ್ಥ ಪಾಲ್ ಮ್ಯಾಗ್ನೆಟ್ ಕೇಳಿದ್ದು ರೈತರ ರಕ್ಷಣೆ ಮತ್ತೆ ಕಂಪನಿಗಳು ಸರ್ಕಾರದ ಮೇಲೆ ಕೇಸು ಹಾಕೋ ಟ್ರಿಬ್ಯೂನಲ್ ಬಗ್ಗೆ ಸ್ಪಷ್ಟನೆ. ಕೆನಡಾ ಪ್ರಧಾನಿ ಪ್ರಯಾಣ ಮುಂದಕ್ಕೆ ಹೋಯ್ತು, ಹೆಚ್ಚುವರಿ ಘೋಷಣೆಗಳನ್ನ ಸೇರಿಸಿದ್ರು, ಟ್ರಿಬ್ಯೂನಲ್ ವಿಷಯ ಯುರೋಪಿನ ಕೋರ್ಟಿಗೆ ಕಳಿಸ್ತೀವಿ ಅಂತ ಮಾತು ಕೊಟ್ರು, ಆಮೇಲೆ ಅಕ್ಟೋಬರ್ 30ಕ್ಕೆ ಸಹಿ ಆಯ್ತು. ಒಂದು ಸಣ್ಣ ಪ್ರಾಂತ್ಯ ಎರಡು ಖಂಡಗಳನ್ನ ಕಾಯಿಸಿದ್ದು ಎಷ್ಟು ಸರಿ ಅಂತ ಬೈದವರು ಬಹಳ ಇದ್ರು, ಪ್ರತಿಯೊಂದು ಪ್ರಾಂತ್ಯವೂ ಹಿಂಗೆ ಮಾಡಿದ್ರೆ ಯಾವ ಒಪ್ಪಂದವೂ ಆಗಲ್ಲ ಅನ್ನೋದೂ ನಿಜವೇ. ಆದ್ರೂ ಆ ಎರಡು ವಾರ ಯುರೋಪಿನ ಪೇಪರುಗಳಲ್ಲಿ ಟ್ರಿಬ್ಯೂನಲ್ ಅಂದ್ರೇನು ಅಂತ ಜನ ಓದಿದ್ರಲ್ಲ, ಅದು ಸಣ್ಣ ವಿಷಯ ಅಲ್ಲ.

ಎಲ್ಲವೂ ಒಪ್ಪಂದದ ರೂಪದಲ್ಲೇ ಬರಲ್ಲ ಅನ್ನೋದನ್ನೂ ಹೇಳಬೇಕು. ಗೂಗಲ್, ಫೇಸ್‌ಬುಕ್ ಥರದ ವಿದೇಶಿ ಕಂಪನಿಗಳಿಗೆ ಇಲ್ಲಿಂದ ಹೋಗೋ ಜಾಹೀರಾತು ದುಡ್ಡಿನ ಮೇಲೆ ಭಾರತ 2016ರಲ್ಲಿ 6% ಲೆವಿ ಹಾಕ್ತು, 2020ರಲ್ಲಿ ಇ-ಕಾಮರ್ಸ್ ಮೇಲೆ 2%. ಅಮೆರಿಕ ಪ್ರತಿಸುಂಕದ ಬೆದರಿಕೆ ಹಾಕ್ತು. 2% ಹೋಗಿದ್ದು 2024ರ ಆಗಸ್ಟ್‌ನಲ್ಲಿ, 6% ಹೋಗಿದ್ದು 2025ರ ಏಪ್ರಿಲ್‌ನಲ್ಲಿ. ಐಎಂಎಫ್‌ನಲ್ಲಂತೂ ವೋಟು ಜನಕ್ಕಲ್ಲ, ದುಡ್ಡಿಗೆ: ದೊಡ್ಡ ತೀರ್ಮಾನಕ್ಕೆ 85% ಬೇಕು, ಅಮೆರಿಕ ಒಂದರ ಕೈಯಲ್ಲೇ ಸುಮಾರು 16.5%, ಅಂದ್ರೆ ಅದು ಬೇಡ ಅಂದ್ರೆ ಆಗಲ್ಲ. 140 ಕೋಟಿ ಜನರ ಭಾರತಕ್ಕೆ ಸುಮಾರು 2.6%.

ಇನ್ನು ಮನುಷ್ಯರು. ದುಬೈನಲ್ಲೋ ಮಸ್ಕತ್‌ನಲ್ಲೋ ಇರೋ ಮಂಗಳೂರಿನವರು ಅಲ್ಲಿ ವೋಟು ಹಾಕಂಗಿಲ್ಲ, ಇಲ್ಲಿ 2011ರಿಂದ ಅನಿವಾಸಿ ಮತದಾರರಾಗಿ ಹೆಸರು ಸೇರಿಸಬಹುದು, ಆದ್ರೆ ವೋಟು ಹಾಕೋಕೆ ವಿಮಾನ ಹತ್ತಿ ತಮ್ಮೂರಿನ ಬೂತಿಗೇ ಬರಬೇಕು. ನ್ಯೂಜಿಲೆಂಡ್‌ನಲ್ಲಿ ಇದಕ್ಕೆ ಉಲ್ಟಾ, ಪೌರತ್ವ ಇಲ್ಲದಿದ್ರೂ ಕಾಯಂ ನಿವಾಸಿಗಳು ರಾಷ್ಟ್ರೀಯ ಚುನಾವಣೇಲಿ ವೋಟು ಹಾಕ್ತಾರೆ, ಹಂಗಂತ ಆ ದೇಶ ಮುಳುಗೇನೂ ಹೋಗಿಲ್ಲ.

2025ರ ಜುಲೈ 24ಕ್ಕೆ ಭಾರತ ಮತ್ತು ಬ್ರಿಟನ್ ವ್ಯಾಪಾರ ಒಪ್ಪಂದಕ್ಕೆ ಸಹಿ ಹಾಕಿದ್ವು. ಒಂದೇ ಕಾಗದ, ಎರಡು ದೇಶ. ಬ್ರಿಟನ್‌ನಲ್ಲಿ 2010ರ ಕಾನೂನಿನ ಪ್ರಕಾರ ಇಂಥ ಒಪ್ಪಂದ ಜಾರಿಗೆ ಬರೋ ಮುಂಚೆ ಪಾರ್ಲಿಮೆಂಟ್ ಮುಂದೆ 21 ಅಧಿವೇಶನದ ದಿನ ಇರಬೇಕು, ಕೆಳಮನೆ ಬೇಡ ಅಂದ್ರೆ ತಡೆ ಬೀಳುತ್ತೆ. ಅದು ಕೂಡ ದೊಡ್ಡ ಹಲ್ಲಿರೋ ಕಾನೂನೇನಲ್ಲ, ಅಲ್ಲಿನವರೇ ಸಾಲದು ಅಂತ ಗೊಣಗ್ತಾರೆ. ನಮ್ಮಲ್ಲಿ ಅಷ್ಟೂ ಇಲ್ಲ. 2002ರಲ್ಲೇ ನ್ಯಾ. ಎಂ.ಎನ್. ವೆಂಕಟಾಚಲಯ್ಯನವರ ಸಂವಿಧಾನ ಪುನರ್‌ವಿಮರ್ಶೆ ಆಯೋಗ, ರಾಜ್ಯ ಪಟ್ಟಿಯ ವಿಷಯಕ್ಕೆ ಪೆಟ್ಟು ಕೊಡೋ ಒಪ್ಪಂದಗಳಿಗೆ ಸಹಿ ಹಾಕೋ ಮುಂಚೆ ಅಂತರರಾಜ್ಯ ಮಂಡಳಿಯಲ್ಲಿ ರಾಜ್ಯಗಳ ಜೊತೆ ಮಾತಾಡೋದನ್ನ ಪರಿಗಣಿಸಿ ಅಂತ ಬರೆದಿತ್ತು. ಇದಕ್ಕೆ ಸಂವಿಧಾನ ತಿದ್ದುಪಡಿನೂ ಬೇಕಿಲ್ಲ, ಅದೇ ಕೇಂದ್ರ ಪಟ್ಟಿಯ 14ನೇ ನಮೂದಿನ ಅಡಿ ಪಾರ್ಲಿಮೆಂಟ್ ಒಂದು ಸಾಧಾರಣ ಕಾನೂನು ಮಾಡಿದ್ರೆ ಸಾಕು. ಮುಂದಿನ ಸಲ ನಿಮ್ಮ ಎಂಪಿ ವೋಟು ಕೇಳೋಕೆ ಬಂದಾಗ ರೋಡು ಚರಂಡಿ ಜೊತೆಗೆ ಇದನ್ನೂ ಒಂದು ಮಾತು ಕೇಳಿ, ಯಾಕಂದ್ರೆ ರೋಡು ಚರಂಡಿ ಅವರ ಕೆಲಸ ಅಲ್ಲ, ಇದು ಹೌದು.